ಬಣ್ಣ ಬಿಡುವ ಹತ್ತಿ ಜಮಖಾನೆ: ಪದೇ ಪದೇ ಕೇಳುವ ಪ್ರಶ್ನೆಗಳು

ಹಾಸನದಲ್ಲಿ ಮನೆಯ ಹಿತ್ತಲಲ್ಲೇ ಜಮಖಾನೆ, ಮ್ಯಾಟು, ಪರದೆ ಒಗೆದುಕೊಡುವ ಸಣ್ಣ ಕೆಲಸ ನನ್ನದು. ಸಕಲೇಶಪುರ, ಮೂಡಿಗೆರೆ ಕಡೆಯ ಹೋಂಸ್ಟೇಗಳಿಂದ ಹಿಡಿದು ಅರಸೀಕೆರೆಯ ಮದುವೆ ಮನೆಗಳವರೆಗೆ ಚೀಲಗಳು ಬರುತ್ತವೆ. ಚೀಲದೊಳಗೆ ಎಷ್ಟೋ ಸಲ ಒಂದು ಚೀಟಿ ಇರುತ್ತೆ: "ಅಕ್ಕಾ, ಕೆಂಪು ಬಿಡುತ್ತೆ, ಹುಷಾರು." ಆ ಚೀಟಿಗಳು, ಫೋನಿನಲ್ಲಿ ಕೇಳಿದ್ದು, ಗೇಟಿನ ಹತ್ತಿರ ನಿಂತು ಕೇಳಿದ್ದು, ಎಲ್ಲ ಸೇರಿಸಿ ಇಲ್ಲಿ ಬರೆದಿದ್ದೇನೆ. ಕೇಳಿದವರ ಮಾತನ್ನು ತಿದ್ದಿಲ್ಲ.

## ಮೊದಲ ಸಂಶಯಗಳು

ಅಂಗಡಿಯವನು ಪಕ್ಕಾ ಕಲರ್ ಅಂದಿದ್ದ. ಮೊದಲನೇ ಸಲಕ್ಕೇ ನೀರೆಲ್ಲ ಕೆಂಪಾಯ್ತು. ಮೋಸ ಮಾಡಿದ್ನಾ?

ಯಾವಾಗಲೂ ಮೋಸವೇ ಅನ್ನೋಕಾಗಲ್ಲ. ಹತ್ತಿ ನೂಲಿಗೆ ಹಾಕುವ ಬಣ್ಣಗಳಲ್ಲಿ ಎರಡು ಜಾತಿ ನಮ್ಮ ಕೈಗೆ ಹೆಚ್ಚಾಗಿ ಸಿಗುತ್ತವೆ. ಅಗ್ಗದ ಡೈರೆಕ್ಟ್ ಬಣ್ಣ ನೂಲಿನೊಳಗೆ ಹೋಗಿ ಕೂತಿರುತ್ತೆ ಅಷ್ಟೆ, ಗಟ್ಟಿ ಬೆಸುಗೆ ಇರಲ್ಲ. ಒದ್ದೆಯಾದಾಗಲೆಲ್ಲ ಒಂದಿಷ್ಟು ಹೊರಗೆ ಬರುತ್ತೆ. ರಿಯಾಕ್ಟಿವ್ ಬಣ್ಣ ನೂಲಿನ ಜೊತೆ ರಾಸಾಯನಿಕವಾಗಿಯೇ ಕೂಡಿಕೊಳ್ಳುತ್ತೆ. ಆದರೆ ಹಂಡೆಗೆ ಹಾಕಿದ ಬಣ್ಣದಲ್ಲಿ ಒಂದು ಪಾಲು ಕೂಡಿಕೊಳ್ಳದೆ ಉಳಿದುಬಿಡುತ್ತೆ. ಅದನ್ನು ಬಣ್ಣ ಹಾಕಿದವರೇ ಬಿಸಿನೀರು, ಸೋಪಿನಲ್ಲಿ ತೊಳೆದು ತೆಗೆಯಬೇಕು. ಅಲ್ಲಿ ನೀರು, ಸೌದೆ ಉಳಿಸಲು ಹೋದರೆ ನಿಮ್ಮ ಬಚ್ಚಲು ಕೆಂಪಾಗುತ್ತೆ.

ಎರಡನೇ, ಮೂರನೇ ಒಗೆತಕ್ಕೆ ನೀರು ತಿಳಿಯಾಗುತ್ತಾ ಬಂದರೆ ಅದು ಉಳಿಕೆ ಬಣ್ಣ, ಹೋಗಲಿ ಬಿಡಿ. ಹತ್ತನೇ ಸಲಕ್ಕೂ ಅಷ್ಟೇ ಕೆಂಪಿದ್ದರೆ ಆ ಜಮಖಾನೆಯ ಸ್ವಭಾವವೇ ಹಾಗೆ. ಅದನ್ನು ಬದಲಾಯಿಸುವ ಆಸೆ ಬಿಟ್ಟು, ಅದರ ಜೊತೆ ಹೊಂದಿಕೊಂಡು ಒಗೆಯೋದನ್ನ ಕಲಿಯಬೇಕು.

ಒಗೆಯೋಕೆ ಮುಂಚೆಯೇ ಬಣ್ಣ ಬಿಡುತ್ತೋ ಇಲ್ವೋ ಅಂತ ಗೊತ್ತಾಗೋದು ಹೇಗೆ?

ಹಳೇ ಬಿಳಿ ಪಂಚೆಯ ತುಂಡು ತಗೊಳ್ಳಿ. ನೀವು ಒಗೆಯಲು ಕಲಸುವ ಸೋಪುನೀರಲ್ಲೇ ಅದನ್ನು ಅದ್ದಿ, ಹಿಂಡಿ, ಜಮಖಾನೆಯ ಹಿಂಬದಿಯ ಮೂಲೆಯಲ್ಲಿಟ್ಟು ಮೇಲೆ ತಟ್ಟೆ, ತಟ್ಟೆಯ ಮೇಲೆ ಕಲ್ಲು ಇಡಿ. ಹತ್ತು ನಿಮಿಷ ಬಿಟ್ಟು ತೆಗೆದು ನೋಡಿ. ಕೆಂಪು, ನೀಲಿ, ಹಸಿರು, ಕಪ್ಪು, ಎಷ್ಟು ಬಣ್ಣಗಳಿವೆಯೋ ಅಷ್ಟು ಸಲ ಬೇರೆ ಬೇರೆಯಾಗಿ ನೋಡಬೇಕು. ಹಸಿರು ಚೂರೂ ಬಿಡದ ಜಮಖಾನೆಯಲ್ಲಿ ಪಕ್ಕದ ಕೆಂಪು ಧಾರೆಯಾಗಿ ಇಳಿದಿದ್ದನ್ನು ಕಂಡಿದ್ದೇನೆ. ಬರೀ ನೀರಲ್ಲಿ ನೋಡಿ ಸಮಾಧಾನಪಟ್ಟುಕೊಳ್ಳಬೇಡಿ, ಸೋಪು ಸೇರಿದ ಮೇಲೆ ಕತೆ ಬೇರೆ.

ಇನ್ನೊಂದು ಪರೀಕ್ಷೆ ಒಣ ಬಟ್ಟೆಯಲ್ಲಿ ಉಜ್ಜಿ ನೋಡುವುದು. ಇಂಡಿಗೋ ನೀಲಿ ನೀರಿಗೆ ಅಷ್ಟು ಜಗ್ಗದಿದ್ದರೂ ಉಜ್ಜಿದರೆ ಬರುತ್ತೆ. ನೀಲಿ ಜಮಖಾನೆಯ ಮೇಲೆ ಕೂತೆದ್ದವರ ಬಿಳಿ ಪಂಚೆ ನೋಡಿದರೆ ಗೊತ್ತಾಗುತ್ತೆ.

ಉಪ್ಪು ಹಾಕಿ ನೆನೆಸಿಟ್ರೆ ಬಣ್ಣ ಕಚ್ಕೊಳ್ಳುತ್ತೆ ಅಂತಾರೆ ನಮ್ಮತ್ತೆ. ನಿಜಾನಾ?

ಅತ್ತೆಯವರ ಮಾತಿಗೆ ಬುಡವಿಲ್ಲದೆ ಇಲ್ಲ. ಬಣ್ಣ ಹಾಕುವಾಗ ಹಂಡೆಗೆ ಉಪ್ಪು ಸುರಿಯುತ್ತಾರೆ. ನೀರಲ್ಲಿರುವ ಬಣ್ಣವನ್ನು ನೂಲಿನ ಕಡೆ ತಳ್ಳೋದು ಆ ಉಪ್ಪಿನ ಕೆಲಸ. ಮನೆಯಲ್ಲೂ ಉಪ್ಪುನೀರಲ್ಲಿ ಇರುವಷ್ಟು ಹೊತ್ತು ಬಣ್ಣ ಕಡಿಮೆ ಬಿಟ್ಟಂತೆ ಕಾಣಬಹುದು. ಉಪ್ಪು ಜಾಲಿಸಿ ಹೋದ ಮೇಲೆ ಮತ್ತೆ ಮೊದಲಿನ ಹಾಗೇ. ಸಾಲದ್ದಕ್ಕೆ "ರಾತ್ರಿಯೆಲ್ಲ ನೆನೆಸಿಡಿ" ಅನ್ನೋ ಭಾಗ ಇದೆಯಲ್ಲ, ಅದೇ ಜಮಖಾನೆಯನ್ನು ಕೆಡಿಸುತ್ತೆ.

ವಿನೆಗರ್ ಕತೆಯೂ ಇಷ್ಟೇ. ಹುಳಿ ಬೇಡುವ ಬಣ್ಣಗಳಿವೆ, ಅವು ಉಣ್ಣೆಗೂ ರೇಷ್ಮೆಗೂ ಹಾಕುವಂಥವು. ಹತ್ತಿಯ ಬಣ್ಣವನ್ನು ವಿನೆಗರ್ ಕಟ್ಟಿಹಾಕಲ್ಲ. ಬೇರೆ ಕೆಲವು ಕಡೆ ಅದರಿಂದ ಉಪಯೋಗ ಇದೆ, ಕೆಳಗೆ ಬರುತ್ತೆ. ಸ್ಫಟಿಕವೂ (ಆಲಂ) ಅಷ್ಟೇ, ಮಂಜಿಷ್ಠದಂಥ ಗಿಡದ ಬಣ್ಣ ಹಾಕೋಕೆ ಮುಂಚೆ ನೂಲಿಗೆ ಬೇಕಾದದ್ದು, ಅಂಗಡಿಯ ಕೆಂಪಿಗೆ ಅಲ್ಲ.

ಎಷ್ಟು ದಿನಕ್ಕೊಂದ್ಸಲ ಒಗೀಬೇಕು?

ನಿಮಗನ್ನಿಸಿದ್ದಕ್ಕಿಂತ ಕಡಿಮೆ. ಜಮಖಾನೆಯ ಕೊಳೆಯಲ್ಲಿ ಹೆಚ್ಚಿನ ಪಾಲು ಒಣ ಧೂಳು. ವಾರಕ್ಕೊಮ್ಮೆ ಹಿಂಬದಿ ಮೇಲೆ ಮಾಡಿ ತಂತಿಗೆ ಹಾಕಿ ಕೋಲಿನಿಂದ ಬಡಿದು ಕೊಡವಿದರೆ ವರ್ಷಕ್ಕೆ ಒಂದೆರಡು ಒಗೆತ ಸಾಕು. ನಮ್ಮಲ್ಲಿ ಯುಗಾದಿಗೆ ಒಮ್ಮೆ, ದೀಪಾವಳಿಗೆ ಒಮ್ಮೆ. ಹಾಸನಾಂಬೆಯ ಬಾಗಿಲು ತೆರೆಯುವ ಹೊತ್ತಿಗೆ ಮನೆತುಂಬ ನೆಂಟರು, ಅದಕ್ಕೆ ಹದಿನೈದು ದಿನ ಮುಂಚೆ ನನಗೆ ಉಸಿರಾಡೋಕೂ ಬಿಡುವಿರಲ್ಲ.

ನಾವು ಒಗೆದೇ ಇಲ್ಲ, ಆದ್ರೂ ಜಮಖಾನೆ ಅಡಿ ಎಲ್ಲ ಕೆಂಪಾಗಿದೆ. ಇದ್ಯಾವ ಬಣ್ಣ?

ಹಳೇ ಮನೆಯ ಕೆಂಪು ಗಾರೆ ನೆಲವಾ? ಹಾಗಿದ್ದರೆ ಅದು ನೆಲದ ಬಣ್ಣ, ಇಲ್ಲವೇ ನೆಲಕ್ಕೆ ಹಚ್ಚಿದ ಪಾಲಿಶ್. ಮಳೆಗಾಲದಲ್ಲಿ ನೆಲ ಬೆವರುತ್ತೆ, ಮೇಲೆ ಹತ್ತಿ ಬಿದ್ದಿರುತ್ತೆ, ಹೀರಿಕೊಳ್ಳುತ್ತೆ. ಇದರ ತಿರುಗುಮುರುಗೂ ನಡೆಯುತ್ತೆ, ಸಾರಿಸಿದ ನೆಲ ಆರುವ ಮೊದಲೇ ಕಚ್ಚಾ ಬಣ್ಣದ ಜಮಖಾನೆ ಹಾಸಿ ಮೊಸಾಯಿಕ್ ಮೇಲೆ ನೀಲಿ ಚೌಕ ಮೂಡಿಸಿದವರಿದ್ದಾರೆ. ಅಡಿಗೆ ಒಂದು ಚಾಪೆ ಹಾಕಿ.

## ಒಗೆಯುವ ದಿನ

ಮನೆಯಲ್ಲೇ ಒಗೀಬೇಕು ಅಂದ್ರೆ ಮೊದಲಿಂದ ಕೊನೆವರೆಗೆ ಹೇಳಿ ಅಕ್ಕಾ.

ಬಣ್ಣ ಓಡುವುದು ನೀರು ನಿಂತಾಗ. ಹರಿದು ಹೋಗುವ ನೀರು ಬಣ್ಣವನ್ನು ಹೊತ್ತುಕೊಂಡು ಹೊರಗೆ ಹೋಗುತ್ತೆ, ನಿಂತ ನೀರು ಅದನ್ನು ಪಕ್ಕದ ಬಿಳಿ ನೂಲಿಗೆ ಕುಡಿಸುತ್ತೆ. ನನ್ನ ಕೆಲಸವೆಲ್ಲ ಈ ಒಂದು ವಿಷಯದ ಮೇಲೆ ನಿಂತಿದೆ. ಆದ್ದರಿಂದ ಟಬ್ಬು, ಬಕೆಟ್ಟಿನಲ್ಲಿ ಮುಳುಗಿಸಬೇಡಿ.

ಬಿಸಿಲು, ಗಾಳಿ ಇರುವ ದಿನ ನೋಡಿ ಬೆಳಗ್ಗೆ ಒಂಬತ್ತರ ಹೊತ್ತಿಗೆ ಶುರು ಮಾಡಿ. ಮೊದಲು ಚೆನ್ನಾಗಿ ಕೊಡವಿ. ಆಮೇಲೆ ತಾರಸಿಯೋ ಅಂಗಳವೋ, ನೀರು ಇಳಿದುಹೋಗುವಂಥ ಇಳಿಜಾರು ಬೇಕು. ಕಾಫಿ ಕಣ ಇದ್ದವರಿಗೆ ಅದಕ್ಕಿಂತ ಒಳ್ಳೇ ಜಾಗ ಇಲ್ಲ, ಆದರೆ ಡಿಸೆಂಬರಿಂದ ಫೆಬ್ರುವರಿವರೆಗೆ ಅಲ್ಲಿ ಕಾಫಿಯೇ ಒಣಗುತ್ತಿರುತ್ತೆ, ನಿಮ್ಮ ಜಮಖಾನೆಗೆ ಯಾರೂ ಜಾಗ ಬಿಡಲ್ಲ. ಮಾರ್ಚಿಗೆ ಕಣ ಖಾಲಿಯಾದ ಮೇಲೆ, ಕಾಫಿ ಹೂವರಳಿಸುವ ಹೂಮಳೆ ಬರುವುದರೊಳಗೆ ಮುಗಿಸಿಕೊಳ್ಳಿ.

ಹಾಸುವಾಗ ಪಟ್ಟೆಗಳು ಇಳಿಜಾರಿನ ಉದ್ದಕ್ಕೆ ಬರುವ ಹಾಗೆ ಹಾಸಿ. ಕೆಂಪು ಪಟ್ಟೆಯ ನೀರು ಕೆಂಪು ಪಟ್ಟೆಯಲ್ಲೇ ಇಳಿದು ಹೋಗಬೇಕು. ಅಡ್ಡ ಹಾಸಿದರೆ ಆ ನೀರೆಲ್ಲ ಬಿಳಿಯನ್ನು ದಾಟಿಕೊಂಡೇ ಹೋಗಬೇಕಾಗುತ್ತೆ. ಚೌಕ ಚೌಕದ ವಿನ್ಯಾಸವಾದರೆ ಬಣ್ಣ ಹೆಚ್ಚು ಬಿಡುವ ತುದಿ ಕೆಳಗಿರಲಿ.

ಒಂದು ಬಕೆಟ್ ತಣ್ಣೀರಿಗೆ ಎರಡು ಚಮಚ ಸೌಮ್ಯ ಲಿಕ್ವಿಡ್ ಸೋಪು ಹಾಕಿ ನೊರೆ ಎಬ್ಬಿಸಿ. ಸ್ಪಂಜಿನಲ್ಲಿ ನೊರೆ ಹೆಚ್ಚು, ನೀರು ಕಡಿಮೆ ಎತ್ತಿಕೊಂಡು ಪಟ್ಟೆಯ ಗುಂಟ ಒರೆಸಿ. ಬ್ರಷ್ಷಿನಿಂದ ತಿಕ್ಕಬೇಡಿ, ಒಗೆಯುವ ಕಲ್ಲಿಗಂತೂ ಬಡಿಯಲೇಬೇಡಿ. ಒಂದು ಬದಿ ಮುಗಿದ ತಕ್ಷಣ ಮೇಲಿನ ತುದಿಯಿಂದ ಪೈಪಿನಲ್ಲಿ ನೀರು ಬಿಡಿ, ಕೆಳಗೆ ಇಳಿಯುವ ನೀರಿನ ಬಣ್ಣ ತೆಳುವಾಗಿ ನೊರೆ ನಿಲ್ಲುವವರೆಗೆ. ನೀರು ಪೂರ್ತಿ ತಿಳಿಯಾಗಲಿ ಅಂತ ಕಾದರೆ ಡೈರೆಕ್ಟ್ ಬಣ್ಣದ ಜಮಖಾನೆಯಲ್ಲಿ ಸಂಜೆಯಾದೀತು. ನೆಲ ಒರೆಸುವ ವೈಪರ್ ಇದೆಯಲ್ಲ, ಅದರಿಂದಲೇ ಮೇಲಿಂದ ಕೆಳಗೆ ನೀರನ್ನು ಎಳೆದುಹಾಕಿ. ಒಣಗಿದ್ದಾಗ ಒಬ್ಬರು ಬಗಲಲ್ಲಿ ಹೊರುವ ಜಮಖಾನೆಯನ್ನು ಒದ್ದೆಯಾದಾಗ ಇಬ್ಬರು ಎತ್ತಬೇಕು, ಅಷ್ಟು ನೀರು ಕುಡಿದಿರುತ್ತೆ. ಹಳೇ ಟವೆಲ್, ಬೆಡ್‌ಶೀಟ್ ಮೇಲೆ ಹರಡಿ, ಸುರುಳಿ ಸುತ್ತಿ, ಮೊಣಕಾಲೂರಿ ಒತ್ತಿ. ತಿರುಚಿ ಹಿಂಡಬೇಡಿ. ಮೊದಲ ಚೊಂಬು ನೀರು ಬಿದ್ದಲ್ಲಿಂದ ಟವೆಲ್ಲಿಗೆ ಸುತ್ತುವವರೆಗೆ ಇಪ್ಪತ್ತು ನಿಮಿಷ ಮೀರದಿದ್ದರೆ ಚೆನ್ನ.

ಯಾವ ಸೋಪು ಹಾಕೋದು? ಅಂಟುವಾಳ ಒಳ್ಳೇದಾ?

ರೇಷ್ಮೆ, ಉಣ್ಣೆಗೆಂದು ಮಾರುವ ಲಿಕ್ವಿಡ್ ಯಾವುದಾದರೂ ಆಗುತ್ತೆ. ಮಾಮೂಲಿ ಸೋಪಿನ ಪುಡಿ, ಬಾರ್ ಸೋಪು, ವಾಷಿಂಗ್ ಸೋಡಾ, ಇವೆಲ್ಲ ಕ್ಷಾರ. ಕ್ಷಾರಕ್ಕೆ ಬಣ್ಣ ಬೇಗ ಸಡಿಲವಾಗುತ್ತೆ. ಬ್ಲೀಚಿಂಗ್ ಪೌಡರ್ ಡಬ್ಬವನ್ನು ಅವತ್ತು ಕಣ್ಣಿಗೆ ಬೀಳದ ಹಾಗೆ ಇಡಿ.

ಅಂಟುವಾಳಕಾಯಿ ಒಳ್ಳೆಯದೇ, ಅದು ಕ್ಷಾರ ಅಲ್ಲ. ಆದರೆ ಅದರ ಕಂದು ರಸ ಬಿಳಿ ಕುಚ್ಚಿಗೆ ಮಂಕು ತರುತ್ತೆ. ಬಿಳಿ ಹೆಚ್ಚಿರುವುದಕ್ಕೆ ನಾನು ಹಾಕಲ್ಲ. ನೀರಿನ ವಿಷಯವೂ ಇದೆ. ಕಡೂರು, ಅರಸೀಕೆರೆ ಕಡೆಯ ಬೋರ್‌ವೆಲ್ ಗಡಸು ನೀರಿನಲ್ಲಿ ಬಾರ್ ಸೋಪು ನೊರೆಯಾಗದೆ ಹಿಟ್ಟಿನಂತೆ ನೂಲಿಗೆ ಅಂಟಿಕೊಳ್ಳುತ್ತೆ, ಅಲ್ಲಿ ಲಿಕ್ವಿಡ್ಡೇ ಗತಿ. ಸಕಲೇಶಪುರದವರಿಗೆ ಆ ಕಷ್ಟ ಕಡಿಮೆ.

ವಾಷಿಂಗ್ ಮಷಿನ್‌ಗೆ ಹಾಕಬಹುದಾ?

ಒಗೆಯೋಕೆ ಬೇಡ. ಬಣ್ಣದ ನೀರಿನಲ್ಲೇ ಮುಕ್ಕಾಲು ಗಂಟೆ ಹೊರಳಾಡಿಸಿದಂತೆ. ನೀರು ತೆಗೆಯೋಕೆ ಮಾತ್ರ ಹಾಕಬಹುದು. ಕಾಲೊರೆಸಿನಷ್ಟು ಚಿಕ್ಕದಾದರೆ ಬಿಳಿ ಬಟ್ಟೆಯಲ್ಲಿ ಸುತ್ತಿ ಸ್ಪಿನ್ನರಿನಲ್ಲಿ ಒಂದು ನಿಮಿಷ. ಟವೆಲ್ಲಿಗಿಂತ ಚೆನ್ನಾಗಿ ನೀರು ತೆಗೆಯುತ್ತೆ.

ತಂತಿ ಮೇಲೆ ಹಾಕಿದ್ವಿ. ಕೆಳಗಿನ ಅಂಚಲ್ಲಿ ಗುಲಾಬಿ ಪಟ್ಟಿ ಬಂದಿದೆ. ಒಗೆಯುವಾಗ ಇರ್ಲಿಲ್ಲ!

ಈ ತಪ್ಪು ನಾನೂ ಮಾಡಿದ್ದೇನೆ. ಕೆಲಸ ಶುರುಮಾಡಿದ ಹೊಸತರಲ್ಲಿ ಚಿಕ್ಕಮ್ಮನ ಮನೆಯ ಕೆಂಪು ಬಿಳಿ ಜಮಖಾನೆ ಒಗೆದು, ಅಚ್ಚುಕಟ್ಟಾಗಿ ಎರಡು ಮಡಿಕೆ ಮಾಡಿ ತಂತಿಗೆ ಹಾಕಿ ಊಟಕ್ಕೆ ಹೋದೆ. ಬಂದು ನೋಡಿದರೆ ಎರಡೂ ತುದಿಯ ಬಿಳಿ ಕುಚ್ಚು ಗುಲಾಬಿ, ಒಂದೊಂದು ಎಳೆಯ ತುದಿಯಲ್ಲೂ ಕೆಂಪು ಹನಿ. ಚಿಕ್ಕಮ್ಮ "ಇರಲಿ ಬಿಡೆ, ಈಗ ಕುಚ್ಚಿಗೂ ಬಾರ್ಡರ್ ಬಂತು" ಅಂದರು. ಆ ಜಮಖಾನೆ ಇವತ್ತಿಗೂ ಹಾಗೇ ಇದೆ.

ನೀರು ಕೆಳಗಿಳಿಯುತ್ತೆ, ಜೊತೆಗೆ ಬಣ್ಣವೂ. ಎಲ್ಲಿ ಕೊನೆಗೆ ಆರುತ್ತೋ ಅಲ್ಲಿ ಬಣ್ಣ ಉಳಿಯುತ್ತೆ. ಆದ್ದರಿಂದ ಮಟ್ಟಸವಾಗಿ ಒಣಗಿಸಿ: ಹಗ್ಗದ ಮಂಚದ ಮೇಲೆ, ಇಲ್ಲವೇ ನಾಲ್ಕೈದು ಬಿದಿರು ಸಾಲಾಗಿ ಇಟ್ಟು ಅದರ ಮೇಲೆ, ಕೆಳಗಿಂದಲೂ ಗಾಳಿ ಆಡಬೇಕು. ಕುಚ್ಚಿನ ಕೆಳಗೆ ಒಣ ಬಿಳಿ ಬಟ್ಟೆ ಇಡಿ. ಅರ್ಧ ಗಂಟೆಗೊಮ್ಮೆ ಮಗುಚಿ. ನೆರಳು, ಜೋರು ಗಾಳಿ ಒಳ್ಳೆಯದು, ಬಿರುಬಿಸಿಲಿಗೆ ಬಣ್ಣ ಮಂಕಾಗುತ್ತೆ.

ಮಳೆಗಾಲದಲ್ಲಿ ಏನ್ ಮಾಡೋದು? ನಮ್ಮಲ್ಲಿ ಜೂನ್ ಬಂದ್ರೆ ಬಿಸಿಲೇ ಇಲ್ಲ.

ಮೂಡಿಗೆರೆ, ಕೊಪ್ಪ, ಶೃಂಗೇರಿಯವರಿಗೆ ನನ್ನ ಉತ್ತರ ಒಂದೇ: ಒಗೆಯಬೇಡಿ. ಎರಡು ದಿನ ಹಸಿಯಾಗಿಯೇ ಇದ್ದ ಜಮಖಾನೆಯಲ್ಲಿ ಬಣ್ಣ ಓಡುವುದೂ ಬೂಷ್ಟು ಹಿಡಿಯುವುದೂ ಒಟ್ಟಿಗೇ ಆಗುತ್ತೆ. ಮೇಗಳ ಕೊಳೆಯನ್ನು ಚೆನ್ನಾಗಿ ಹಿಂಡಿದ ಬಟ್ಟೆಯಲ್ಲಿ ಒರೆಸಿ, ಫ್ಯಾನ್ ಕೆಳಗೆ ಆರಿಸಿ. ಬಚ್ಚಲೊಲೆಯ ಮೇಲೆ ಹಾಕಿದರೆ ಒಣಗುತ್ತೆ ನಿಜ, ಹೊಗೆ ವಾಸನೆ ಗಣಪತಿ ಹಬ್ಬದವರೆಗೂ ಬಿಡಲ್ಲ. ಎಲ್ಲಕ್ಕಿಂತ ಒಳ್ಳೆಯದು ಮೇ ಕೊನೆಗೇ ಒಗೆದು ಸುತ್ತಿಟ್ಟು, ಮಳೆಗಾಲಕ್ಕೆ ಚಾಪೆ ಹಾಸಿಕೊಳ್ಳೋದು. ನಮ್ಮ ಹಿರಿಯರು ಮಾಡುತ್ತಿದ್ದದ್ದೂ ಅದನ್ನೇ.

## ಕಲೆಗಳು

ಕಾಫಿ ಚೆಲ್ಲಿತು! ಈಗಲೇ ಏನ್ ಮಾಡ್ಲಿ?

ಈ ಜಿಲ್ಲೆಗಳಲ್ಲಿ ಇದು ನಿತ್ಯದ ಫೋನು. ಒಣ ಬಿಳಿ ಬಟ್ಟೆ ಇಟ್ಟು ಒತ್ತಿ, ಉಜ್ಜಬೇಡಿ. ಬಟ್ಟೆಯ ಜಾಗ ಬದಲಿಸುತ್ತಾ ಒತ್ತಿ. ಆಮೇಲೆ ಒಂದು ಪಾಲು ಬಿಳಿ ವಿನೆಗರಿಗೆ ನಾಲ್ಕೈದು ಪಾಲು ನೀರು ಬೆರೆಸಿ, ಬಟ್ಟೆ ಅದ್ದಿ ಹಿಂಡಿ, ಅಂಚಿನಿಂದ ನಡುವಿಗೆ ತಟ್ಟಿ. ಹಾಲು ಹಾಕಿದ ಕಾಫಿಯಾದರೆ ಕೊನೆಗೆ ಸೋಪಿನ ನೊರೆಯೂ ಬೇಕು, ಹಾಲಿನ ಜಿಡ್ಡು ವಿನೆಗರಿಗೆ ಹೋಗಲ್ಲ. ಕಾಫಿ ಕಲೆಗೆ ಬಾರ್ ಸೋಪು ತಿಕ್ಕಬೇಡಿ, ಕಲೆ ಅಲ್ಲೇ ಕೂತುಬಿಡಬಹುದು.

ಪೂಜೆಗೆ ಹಾಸಿದ್ದು. ಅರಿಶಿನದ ಕಲೆಗೆ ಸೋಪು ಹಾಕಿದ ಕೂಡಲೇ ರಕ್ತದ ಹಾಗೆ ಕೆಂಪಾಯ್ತು!

ಹೆದರಬೇಡಿ. ಅರಿಶಿನಕ್ಕೆ ಕ್ಷಾರ ತಾಗಿದರೆ ಕೆಂಪಾಗುತ್ತೆ, ಸುಣ್ಣ ಸೇರಿಸಿ ಕುಂಕುಮ ಮಾಡುತ್ತಿದ್ದದ್ದು ಇದೇ ಗುಣದಿಂದ. ತೆಳು ವಿನೆಗರ್ ನೀರು ತಟ್ಟಿದರೆ ಮತ್ತೆ ಹಳದಿಗೆ ಬರುತ್ತೆ. ಆ ಹಳದಿಗೆ ಮದ್ದು ಬಿಸಿಲು. ಕಲೆಯ ಜಾಗವಷ್ಟನ್ನೇ ಬಿಟ್ಟು ಉಳಿದದ್ದನ್ನು ದಪ್ಪ ಬಟ್ಟೆಯಿಂದ ಮುಚ್ಚಿ ಬಿಸಿಲಿಗಿಡಿ, ಕೆಲವು ದಿನದಲ್ಲಿ ಮಾಸಿಹೋಗುತ್ತೆ. ಅಂಗಡಿ ಕುಂಕುಮವಾದರೆ ಹೀಗಾಗಲ್ಲ, ಅದರಲ್ಲಿರುವುದು ಬೇರೆ ಬಣ್ಣ. ಮೊದಲು ಒಣಗಿದ್ದಾಗಲೇ ಕೊಡವಿ, ನೀರು ಮುಟ್ಟಿಸಬೇಡಿ.

ಅತಿಥಿಗಳು ತೋಟ ಸುತ್ತಿ ಬಂದು ಇಂಬಳ ಕಚ್ಚಿದ ಕಾಲಲ್ಲೇ ಓಡಾಡ್ತಾರೆ. ರಕ್ತ ಹೇಗೆ ತೆಗೆಯೋದು?

ತಣ್ಣೀರು, ಬರೀ ತಣ್ಣೀರು. ಬಿಸಿನೀರು ತಾಗಿದರೆ ರಕ್ತ ಬೆಂದು ನೂಲಿಗೆ ಕಚ್ಚುತ್ತೆ. ಇಂಬಳ ಕಚ್ಚಿದ ಜಾಗದಲ್ಲಿ ರಕ್ತ ಬೇಗ ಹೆಪ್ಪುಗಟ್ಟಲ್ಲ, ಬಹಳ ಹೊತ್ತು ಒಸರುತ್ತೆ, ಅದಕ್ಕೇ ಒಂದು ಕಡೆ ಒರೆಸಿದರೆ ಇನ್ನೊಂದು ಕಡೆ ಸಿಗುತ್ತೆ. ಬಾಗಿಲಲ್ಲಿ ಒಂದು ಗಾಢ ಬಣ್ಣದ ಕಾಲೊರೆಸು ಇಡಿ.

ಕೆಸರು, ದೀಪದ ಎಣ್ಣೆ, ಎಲೆ ಅಡಿಕೆ?

ಕೆಸರು ಪೂರ್ತಿ ಒಣಗುವವರೆಗೆ ಮುಟ್ಟಬೇಡಿ, ಆಮೇಲೆ ಕೊಡವಿದರೆ ಮುಕ್ಕಾಲು ಪಾಲು ಉದುರುತ್ತೆ. ಎಣ್ಣೆಗೆ ಅಕ್ಕಿಹಿಟ್ಟೋ ಟಾಲ್ಕಂ ಪೌಡರೋ ಉದುರಿಸಿ ರಾತ್ರಿ ಬಿಟ್ಟು ಬೆಳಗ್ಗೆ ಗುಡಿಸಿ. ಎಲೆ ಅಡಿಕೆ ರಸ ಬಿದ್ದರೆ, ನಿಜ ಹೇಳಬೇಕೆಂದರೆ, ಸೋಫಾ ತಂದು ಅದರ ಮೇಲಿಡಿ.

## ಕೈಮೀರಿದ ಮೇಲೆ, ಮತ್ತೆ ಇನ್ನಷ್ಟು

ಬಿಳಿಗೆ ಬಣ್ಣ ಹತ್ತೇ ಬಿಡ್ತು. ತೆಗೆಯೋಕಾಗುತ್ತಾ?

ಇನ್ನೂ ಒದ್ದೆ ಇದೆಯಾ? ಹಾಗಿದ್ದರೆ ಒಣಗಲು ಬಿಡಬೇಡಿ. ಮತ್ತೆ ಇಳಿಜಾರಿಗೆ ಹಾಕಿ ಹರಿಯುವ ತಣ್ಣೀರು ಬಿಡಿ, ಬಿಳಿ ಭಾಗಕ್ಕೆ ಸೋಪಿನ ನೊರೆ ಹಚ್ಚಿ, ಮತ್ತೆ ನೀರು. ಹೊಸದಾಗಿ ಹತ್ತಿದ ಬಣ್ಣ ಬಹುಮಟ್ಟಿಗೆ ಬರುತ್ತೆ.

ಒಣಗಿಹೋಗಿದ್ದರೆ ತಾಳ್ಮೆ ಬೇಕು. ಬಿಳಿ ಭಾಗಕ್ಕೆ ಮಾತ್ರ, ಹತ್ತಿಯ ಕಡ್ಡಿಯಲ್ಲಿ ಸೋಪುನೀರು ತಟ್ಟಿ ಒಣ ಬಟ್ಟೆಗೆ ಹೀರಿಸಬೇಕು. ಅದಕ್ಕೂ ಜಗ್ಗದಿದ್ದರೆ ಮೆಡಿಕಲ್ ಸ್ಟೋರಿನಲ್ಲಿ ಸಿಗುವ 3 ಪರ್ಸೆಂಟ್ ಹೈಡ್ರೋಜನ್ ಪೆರಾಕ್ಸೈಡ್, ಅದೂ ಮೂಲೆಯಲ್ಲಿ ಪರೀಕ್ಷೆ ಮಾಡಿ, ಬಣ್ಣದ ಪಟ್ಟೆಗೆ ತಾಗದಂತೆ. ಬಣ್ಣದವರ ಹತ್ತಿರ ಹೈಡ್ರೋಸ್ ಅನ್ನುವ ಪುಡಿ ಇರುತ್ತೆ. ಅದು ಹತ್ತಿದ ಬಣ್ಣ, ಮೂಲ ಬಣ್ಣ ಅಂತ ಭೇದ ಮಾಡಲ್ಲ. ಇಡೀ ಜಮಖಾನೆ ಬಿಳಿಯಾಗಲಿ ಅನ್ನುವವರಿಗೆ ಮಾತ್ರ.

ಒಣಗಿದ ಮೇಲೆ ಬಿಳಿ ಭಾಗ ಕಂದುಗಟ್ಟಿದೆ, ಟೀ ಚೆಲ್ಲಿದ ಹಾಗೆ. ಆ ಬಣ್ಣವೇ ಜಮಖಾನೆಯಲ್ಲಿ ಇಲ್ಲ!

ಇದು ಹತ್ತಿಯದೇ ಕಂದು. ನೂಲು ನಿಧಾನವಾಗಿ ಒಣಗಿದಾಗ ಅದರೊಳಗಿನ ಕಂದು ಅಂಶ ನೀರಿನ ಜೊತೆ ಮೇಲೆ ಬಂದು ತುದಿಯಲ್ಲಿ ನಿಲ್ಲುತ್ತೆ, ಕ್ಷಾರದ ಸೋಪು ಉಳಿದಿದ್ದರೆ ಇನ್ನೂ ಹೆಚ್ಚು. ಇಲ್ಲಿ ವಿನೆಗರಿನ ಇನ್ನೊಂದು ಉಪಯೋಗ: ಕಾಫಿಗೆ ಹೇಳಿದ ಹದದಲ್ಲೇ ಬೆರೆಸಿ, ಒದ್ದೆ ಬಟ್ಟೆಯಲ್ಲಿ ತಟ್ಟಿ, ಫ್ಯಾನ್ ಹಾಕಿ ಬೇಗ ಒಣಗಿಸಿ. ಒಂದು ಲೀಟರ್ ನೀರಿಗೆ ಒಂದು ಚಮಚ ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್) ಹಾಕಿದರೂ ಆಗುತ್ತೆ, ಆಮೇಲೆ ಬರೀ ನೀರಿನ ಬಟ್ಟೆಯಲ್ಲಿ ಒರೆಸಿ.

ಬಣ್ಣ ನಿಲ್ಲಿಸೋ ಫಿಕ್ಸರ್ ಸಿಗುತ್ತಂತಲ್ಲ?

ಸಿಗುತ್ತೆ, ಬಣ್ಣ ಮಾರುವ ಅಂಗಡಿಗಳಲ್ಲಿ. ಡೈರೆಕ್ಟ್, ರಿಯಾಕ್ಟಿವ್ ಬಣ್ಣದ ಜೊತೆ ಸೇರಿ, ನೀರಿಗೆ ಸುಲಭವಾಗಿ ಕರಗದಂತೆ ಮಾಡುವ ದ್ರವ ಅದು. ಉಪ್ಪು, ವಿನೆಗರ್ ಮಾಡದ್ದನ್ನು ಇದು ಸ್ವಲ್ಪ ಮಟ್ಟಿಗೆ ಮಾಡುತ್ತೆ. ಆದರೆ ಬಣ್ಣದ ಛಾಯೆ ಒಂಚೂರು ಬದಲಾಗಬಹುದು, ಬಿಸಿಲಿಗೆ ಬೇಗ ಮಂಕಾಗಬಹುದು. ಈಗಾಗಲೇ ಬಣ್ಣ ಹತ್ತಿರುವ ಜಮಖಾನೆಗಂತೂ ಹಾಕಲೇಬೇಡಿ, ಹತ್ತಿದ ಕೆಂಪನ್ನೂ ಅದು ಅಲ್ಲೇ ಕೂರಿಸಿಬಿಡುತ್ತೆ.

ನವಲಗುಂದದಿಂದ ತಂದ ಜಮಖಾನೆ. ಇನ್ನೊಂದು ಗಿಡದ ಬಣ್ಣದ್ದು ಇದೆ. ಎರಡಕ್ಕೂ ಒಂದೇ ರೀತಿನಾ?

ನವಲಗುಂದದ್ದು ಜಿಐ (ಭೌಗೋಳಿಕ ಗುರುತು) ಮಾನ್ಯತೆ ಪಡೆದ ಕೈನೇಯ್ಗೆ, ಹೆಣ್ಣುಮಕ್ಕಳು ಮಗ್ಗದ ಮುಂದೆ ಕೂತು ನೇಯ್ದದ್ದು. ಹತ್ತಿ ನೂಲೇ ಆದ್ದರಿಂದ ಮೇಲೆ ಹೇಳಿದ ರೀತಿಯೇ ಸಾಕು, ಕೊಡವುವಾಗ ಮಾತ್ರ ಕೈ ಹಗುರವಿರಲಿ. ಗಿಡದ ಬಣ್ಣದ್ದಕ್ಕೆ ಹುಳಿ ಮುಟ್ಟಿಸಬೇಡಿ. ಕಬ್ಬಿಣ, ಅಳಲೆಕಾಯಿ ಸೇರಿಸಿ ಮಾಡಿದ ಕಪ್ಪಿಗೆ ನಿಂಬೆ ಬಿದ್ದರೆ ಅಲ್ಲಿ ಬಿಳಿಚಿಕೊಳ್ಳುತ್ತೆ.

ಡ್ರೈ ಕ್ಲೀನ್‌ಗೆ ಕೊಟ್ರೆ ಸೇಫಾ?

ಬಣ್ಣದ ಮಟ್ಟಿಗೆ ಹೌದು. ಅಲ್ಲಿ ಬಳಸುವ ದ್ರಾವಣಕ್ಕೆ ಹತ್ತಿಯ ಬಣ್ಣ ಸಾಮಾನ್ಯವಾಗಿ ಕರಗಲ್ಲ. ಹಾಗೆಯೇ ಬೆವರು, ಸಕ್ಕರೆ, ಕಾಫಿಯೂ ಸರಿಯಾಗಿ ಕರಗಲ್ಲ. ಎಣ್ಣೆ ಜಿಡ್ಡಿಗೆ ಒಳ್ಳೆಯದು.

ಹೋಂಸ್ಟೇಗೆ ಇಪ್ಪತ್ತು ಜಮಖಾನೆ ತಗೋಬೇಕು. ಬಣ್ಣ ಬಿಡದೇ ಇರೋದನ್ನ ಆರಿಸೋದು ಹೇಗೆ?

ಒದ್ದೆ ಬಿಳಿ ಕರ್ಚೀಫು ಜೇಬಿನಲ್ಲಿಟ್ಟುಕೊಂಡು ಹೋಗಿ, ಅಂಗಡಿಯಲ್ಲೇ ಒತ್ತಿ ನೋಡಿ. ಸಗಟು ಮಾರುವವರ ಹತ್ತಿರ ಒಗೆತ ಮತ್ತು ಉಜ್ಜುವಿಕೆಯ ಪರೀಕ್ಷಾ ವರದಿ ಕೇಳಿ. 1ರಿಂದ 5ರವರೆಗೆ ಅಂಕ ಇರುತ್ತೆ, 5 ಅಂದರೆ ಬಣ್ಣ ಅಲುಗಿಲ್ಲ ಅಂತ. 4ಕ್ಕಿಂತ ಕೆಳಗಿದ್ದರೆ ಬಿಳಿ ಇರುವ ವಿನ್ಯಾಸ ಬೇಡ. ವ್ಯಾಟ್ ಬಣ್ಣ, ಅಂದರೆ ನೂಲಿನೊಳಗೆ ನೀರಿಗೆ ಕರಗದ ಹಾಗೆ ಕೂರುವ ಜಾತಿ, ಅಂತ ಹೇಳಿದರೆ ಎರಡು ಕಾಸು ಹೆಚ್ಚು ಕೊಟ್ಟರೂ ನಷ್ಟವಿಲ್ಲ. ಚಿಂದಿ ಬಟ್ಟೆ ಹೆಣೆದ ಮ್ಯಾಟು ನೋಡೋಕೆ ಚೆಂದ, ಆದರೆ ಒಂದೊಂದು ಎಳೆಯೂ ಒಂದೊಂದು ಮನೆಯದು. ಯಾವುದು ಯಾವಾಗ ಬಣ್ಣ ಬಿಡುತ್ತೋ ಹೇಳೋಕಾಗಲ್ಲ.

ನೀವು ಒಗೆದ್ರೆ ಬಣ್ಣ ಹೋಗಲ್ಲ ಅಂತ ಗ್ಯಾರಂಟಿ ಕೊಡ್ತೀರಾ?

ಇಲ್ಲ. ಪಂಚೆ ತುಂಡಿನ ಪರೀಕ್ಷೆಯನ್ನು ನಿಮ್ಮೆದುರಿಗೇ ಮಾಡುತ್ತೇನೆ, ತುಂಡಿಗೆ ಹತ್ತಿದ್ದನ್ನು ನೀವೇ ನೋಡಿ. ಒಗೀರಿ ಅಂದರೆ ಒಗೆಯುತ್ತೇನೆ, ಬೇಡ ಅಂದರೆ ಕೊಡವಿ ವಾಪಸ್ ಕೊಡುತ್ತೇನೆ. ಜುಲೈನಲ್ಲಿ ಮಾತ್ರ ತರಬೇಡಿ.